ಕಿರೀಟದ ಮನುಷ್ಯ ಮತ್ತು ಎರಡು ಮಿರ್ಚಿ

ಮಂಗಳೂರು ಎಂದ ಕೂಡಲೇ ಕಡಲು, ಮೀನು, ತೆಂಗಿನ ಸಾಲು ಎಂದು ಕನಸು ಕಾಣುವವರು ದಯವಿಟ್ಟು ಇಲ್ಲೇ ಇಳಿದುಬಿಡಬೇಕು. ಇದು ಯಲಬುರ್ಗಾ ಸೀಮೆಯ ಮಂಗಳೂರು. ಇಲ್ಲಿ ಕರಿ ಮಣ್ಣಿದೆ, ಬಿಸಿಲಿದೆ, ನಳದಲ್ಲಿ ನೀರು ಬಂದ ದಿನ ಜಗಳವಿದೆ. ಕಡಲು ಮಾತ್ರ ಇಲ್ಲ.

ಈ ಊರಿನ ಬಸ್‌ಸ್ಟ್ಯಾಂಡಿಗೆ ಪೊಲೀಸ್ ಜೀಪು ಬಂದರೆ ಏನಾಗುತ್ತದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ತಿರುವಿನಲ್ಲಿ ಜೀಪಿನ ಮೂತಿ ಕಂಡದ್ದೇ ಚಹಾದಂಗಡಿಯ ಬೆಂಚು ಖಾಲಿಯಾಗುತ್ತದೆ. ಪಾನ್ ಅಂಗಡಿಯವನು ಏನನ್ನೋ ಹುಡುಕಲು ಬಗ್ಗಿದವನು ಮತ್ತೆ ಏಳುವುದೇ ಇಲ್ಲ. ಬಸ್ಸಿಗೆ ಕಾಯುತ್ತಿದ್ದವರು, ಬಾರದ ಬಸ್ಸನ್ನು ಹತ್ತಿ ಹೋದವರ ಹಾಗೆ ಮಾಯವಾಗುತ್ತಾರೆ. ಇವರೆಲ್ಲ ಕಳ್ಳರೆಂದಲ್ಲ. ಸೀಮೆಯಲ್ಲಿ ಯಾರಾದರೂ ಬಾವಿಗೆ ಬಿದ್ದೋ ಲಾರಿಗೆ ಸಿಕ್ಕೋ ಸತ್ತರೆ ಪೊಲೀಸರು ಪಂಚನಾಮೆ ಬರೆಯಬೇಕು. ಅದಕ್ಕೆ ಊರವರು ಐದು ಜನ ಪಂಚರಾಗಿ ನಿಂತು, ಕಣ್ಣಾರೆ ನೋಡಿ, ಸಹಿ ಹಾಕಬೇಕು. ಹಾಕಿದವನು ಮುಂದಿನ ಆರೇಳು ವರ್ಷ ಸಮನ್ಸು ಹಿಡಿದು ಕೋರ್ಟಿಗೆ ಅಲೆಯಬೇಕು. ಅಷ್ಟಕ್ಕೆ ಈ ಓಟ.

ಓಡಲಾಗದೆ ಉಳಿಯುತ್ತಿದ್ದವನು ಒಬ್ಬನೇ, ಪಂಕ್ಚರ್ ಅಂಗಡಿಯ ಮುದಿಯಪ್ಪ. ಅವನ ಎರಡೂ ಕೈ ಟ್ಯೂಬಿನ ಸಮೇತ ನೀರಿನ ಬೋಗುಣಿಯಲ್ಲಿರುತ್ತಿದ್ದವು. ಗುಳ್ಳೆ ಎಲ್ಲಿ ಏಳುತ್ತದೆ ಎಂದು ಕಣ್ಣು ನೆಟ್ಟು ಕೂತವನಿಗೆ ಜೀಪು ಬಂದದ್ದು ಗೊತ್ತಾಗುತ್ತಿದ್ದುದು ಬೋಗುಣಿಯ ಪಕ್ಕದಲ್ಲಿ ಜಮಾದಾರ ಜಿಲಾನಸಾಬರ ಬೂಟು ಕಂಡಾಗಲೇ. ಹೀಗೆ ಹನ್ನೆರಡು ವರ್ಷದಲ್ಲಿ ಅವನು ಹತ್ತೊಂಬತ್ತು ಪಂಚನಾಮೆಗಳಿಗೆ ಸಹಿ ಹಾಕಿದ್ದ.

ಮೊದಲನೆಯ ಸಲ ಅವನೂ ಅಳುತ್ತಲೇ ಹೋಗಿದ್ದ. ಆದರೆ ಜಿಲಾನಸಾಬರು ಬರೆದದ್ದನ್ನು ಓದಿ ಹೇಳಿದರು: "ಮಂಗಳೂರು ಗ್ರಾಮದ ಗೌರವಾನ್ವಿತ ನಿವಾಸಿಯಾದ ಮುದಿಯಪ್ಪ..."

"ಇನ್ನೊಮ್ಮೆ ಓದ್ರಿ," ಎಂದಿದ್ದ ಮುದಿಯಪ್ಪ.

ಅವನನ್ನು ದೂಷಿಸಬೇಡಿ. ಮನೆಯಲ್ಲಿ ಅವನಿಗೆ ಗೌರವವಿರಲಿಲ್ಲ, ಮಾವನ ಮನೆಯಲ್ಲಿ ಕುರ್ಚಿಯಿರಲಿಲ್ಲ. ಸಂಸಾರ ನಡೆಯುತ್ತಿದ್ದುದು ಹೆಂಡತಿ ಕಸ್ತೂರೆಮ್ಮ ಮನೆಯ ಮುಂದೆ ಬೆಳಿಗ್ಗೆ ಹೊತ್ತು ಹಾಕುತ್ತಿದ್ದ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿಯಿಂದ ಎಂಬುದು ಇಡೀ ಓಣಿಗೆ ಗೊತ್ತಿತ್ತು. ಅಂಥವನನ್ನು ಸರಕಾರವೇ ಕಾಗದದ ಮೇಲೆ ಗೌರವಾನ್ವಿತ ಎಂದು ಬರೆದರೆ ತಲೆ ನೆಟ್ಟಗೆ ನಿಲ್ಲುವುದು ಹೇಗೆ? ಅವತ್ತಿನಿಂದ ಅವನು ಸಹಿಯನ್ನು ಬೆಳೆಸಲು ತೊಡಗಿದ. ಮು ಅಕ್ಷರದ ಕೊಂಬನ್ನು ಕೆಳಕ್ಕೆಳೆದು, ಹೆಸರಿನ ಅಡಿಯಲ್ಲಿ ಒಂದು ಸುತ್ತು ಹಾಯಿಸಿ, ಕೊನೆಯ ಒತ್ತಿಗೆ ತಂದು ಗಂಟು ಹಾಕುತ್ತಿದ್ದ. ಒಂದು ಸಹಿ ಮುಗಿಯುವಷ್ಟರಲ್ಲಿ ಜಿಲಾನಸಾಬರು ಎರಡು ಸಲ ಗಡಿಯಾರ ನೋಡುತ್ತಿದ್ದರು.

ಇಷ್ಟರಲ್ಲಿ ಮುಗಿದಿದ್ದರೆ ಊರು ತಣ್ಣಗಿರುತ್ತಿತ್ತು. ಆದರೆ ಯಲಬುರ್ಗಾ ಕೋರ್ಟಿನ ಬೇವಿನ ಮರದ ಕೆಳಗೆ ಗೌರೀಶ ಎಂಬ ಎಳೆಯ ವಕೀಲನಿದ್ದ. ಕಕ್ಷಿದಾರರು ಕಡಿಮೆ, ಓದು ಜಾಸ್ತಿ. ಇಂಥವರ ಹತ್ತಿರ ಕೂರಬಾರದು. ಕೇಸು ಮುಂದಕ್ಕೆ ಹೋದ ಒಂದು ದಿನ ಮುದಿಯಪ್ಪ ಅವನ ಹತ್ತಿರವೇ ಕೂತ.

"ಹತ್ತೊಂಬತ್ತು ಹೆಣ ನೋಡೀರಾ?" ಗೌರೀಶ ಬೆರಗಾದ. "ಇಂಗ್ಲೆಂಡಿನಾಗ ಇದಕ್ಕಂತನ ಒಂದು ಹುದ್ದೆ ಐತ್ರಿ. ಕರೋನರ್ ಅಂತಾರ."

"ಆ ರೋಗ?"

"ರೋಗ ಅಲ್ಲ, ಮನುಷ್ಯ. ಹೆಸರಿನ ಬೇರು ಒಂದ. ಕೊರೋನ ಅಂದ್ರ ಹಳೇ ರೋಮಿನ ಮಾತಿನಾಗ ಕಿರೀಟ. ಎಂಟುನೂರು ವರ್ಷದ ಹಿಂದ ಅಲ್ಲಿ ಯಾರಾರ ಒಮ್ಮಿಂದೊಮ್ಮೆ ಸತ್ರ, ರಾಜನ ಕಿರೀಟದ ಪರವಾಗಿ ಒಬ್ಬ ಹೋಗಿ ಹೆಣದ ಮುಂದ ಕುಂದರತಿದ್ದ. ಊರ ಮಂದೀನ ಸುತ್ತಲೂ ಕುಂದರಿಸಿ ಕೇಳತಿದ್ದ, ಹೆಂಗ ಸತ್ರು, ಯಾರು ನೋಡಿದ್ರು ಅಂತ. ಅವನ ಕಿರೀಟದ ಮನುಷ್ಯ. ಕರೋನರ್."

"ಸತ್ತವರ ಮ್ಯಾಲ ರಾಜಗ ಅಷ್ಟು ಪ್ರೀತಿ?"

"ಪ್ರೀತಿ ಎಲ್ಲೀದು ಮಾರಾಯ್ರ! ರಾಜನ ಪಾಲು ತಪ್ಪಬಾರದು ಅಂತ. ಬಂಡಿ ಹಾದು ಸತ್ರ ಬಂಡಿ ರಾಜಂದು. ಎತ್ತು ಇರದು ಸತ್ರ ಎತ್ತು ರಾಜಂದು. ಯಾವ ವಸ್ತುವಿನಿಂದ ಅನಾಹುತ ಆತೋ ಆ ವಸ್ತು ರಾಜಗ. ಸಮುದ್ರದ ದಂಡಿಗೆ ಬಿದ್ದ ತಿಮಿಂಗಿಲಾನೂ ರಾಜಗ."

"ನಮ್ಮ ಮಂಗಳೂರಾಗ ಸಮುದ್ರ ಇಲ್ಲ," ಎಂದು ಮುದಿಯಪ್ಪ ನಿಟ್ಟುಸಿರುಬಿಟ್ಟ.

"ಇನ್ನೊಂದು ಕೇಳ್ರಿ. ಆ ಕಿರೀಟದ ಮನುಷ್ಯ ಬಂದು ಕಣ್ಣಾರೆ ನೋಡೂಮಟ ಹೆಣ ಮಣ್ಣು ಮಾಡಂಗಿದ್ದಿಲ್ಲ. ಮಾಡಿದ್ರ ಊರಿಗೆ ಊರ ದಂಡ ಕಟ್ಟಬೇಕಿತ್ತು."

"ನಮ್ಮ ದೇಶದಾಗ?"

"ಮುಂಬೈದಾಗ ಇದ್ದ. ಇಪ್ಪತ್ತೈದು ವರ್ಷದ ಹಿಂದ ತಗದ್ರು. ಈಗ ಪೊಲೀಸರು ಬರೀತಾರ, ಪಂಚರು ನೋಡ್ತಾರ." ಗೌರೀಶ ಚಹಾ ಮುಗಿಸಿ ಕರಿ ಕೋಟು ಜಾಡಿಸಿಕೊಂಡು ಎದ್ದ. "ಹಂಗ ನೋಡಿದ್ರ ನಿಮ್ಮೂರಿಗೆ ನೀವ ಕರೋನರ್ ಬಿಡ್ರಿ!"

ಹೇಳಿದವನು ಒಳಗೆ ಹೋಗಿ ಮರೆತ. ಕೇಳಿದವನು ಬಸ್ಸಿನಲ್ಲಿ ಊರಿನ ತನಕ ನಿಂತೇ ಬಂದ, ಕೂರಲು ಸೀಟಿದ್ದರೂ.

ಮನೆಯಲ್ಲಿ ಟ್ರಂಕಿನ ತಳದಲ್ಲಿ ಒಂದು ಪೇಟ ಬಿದ್ದಿತ್ತು. ಹಿಂದೊಮ್ಮೆ ಕುಕನೂರಿನಲ್ಲಿ ರಕ್ತ ಕೊಟ್ಟವರಿಗೆಲ್ಲ ಯುವಕ ಸಂಘದವರು ತೊಡಿಸಿದ ಜರಿಯ ಪೇಟ. ಮುದಿಯಪ್ಪ ಅದನ್ನು ಕೊಡವಿ ತಲೆಗಿಟ್ಟುಕೊಂಡ. ಕಿರೀಟದ ಮನುಷ್ಯನ ತಲೆ ಬರಿದಾಗಿರಬಾರದಷ್ಟೆ. ಅಂಗಡಿಯ ಹಲಗೆಯ ಮೇಲೆ "ಇಲ್ಲಿ ಪಂಕ್ಚರ್ ಹಾಕಲಾಗುವುದು" ಎಂಬುದರ ಕೆಳಗೆ ಬಿಳಿ ಬಣ್ಣದಲ್ಲಿ "ಮುದಿಯಪ್ಪ, ಕರೋನರ್, ಮಂಗಳೂರು" ಎಂದು ಬರೆದ.

"ಅದು ರೋಗದ ಹೆಸರಲ್ಲೇನ್ರಿ?" ಎಂದಳು ಕಸ್ತೂರೆಮ್ಮ.

"ರೋಗ ಬ್ಯಾರೆ, ನಾ ಬ್ಯಾರೆ."

"ಹೌದ? ಇಪ್ಪತ್ತೆರಡು ವರ್ಷ ಆತು, ನನಗ ಫರಕು ಗೊತ್ತಾಗಿಲ್ಲ," ಎಂದು ಅವಳು ಕಡಲೆಹಿಟ್ಟು ಕಲಸಲು ಹೋದಳು.

ಒಂದು ತಿಂಗಳು ಅವಳು ದಿನಕ್ಕೆರಡು ಹೊತ್ತು ಊಟದ ಜೊತೆ ಇಂಗ್ಲೆಂಡಿನ ರಾಜನನ್ನೂ ಬಡಿಸಬೇಕಾಯಿತು. ಬಂಡಿ ಯಾರದು, ಎತ್ತು ಯಾರದು ಎಂಬುದೆಲ್ಲ ಅವಳಿಗೆ ಬಾಯಿಪಾಠವಾಯಿತು. ಊರಿನ ಪಾಡು ಇದಕ್ಕಿಂತ ಕಡೆ. ಶಾನವಾಜನ ಆಟೋದ ಗಾಲಿಗೆ ಹಜರತಬೀಯ ಕೋಳಿಯೊಂದು ಸಿಕ್ಕಿ ಸತ್ತಾಗ ಮುದಿಯಪ್ಪ ಪೇಟ ಹಾಕಿಕೊಂಡು ಹೋಗಿ, ಆಟೋ ಇನ್ನು ಮುಂದೆ ರಾಜನದು ಎಂದು ತೀರ್ಪು ಕೊಟ್ಟ.

"ಯಾವ ರಾಜ?" ಎಂದ ಶಾನವಾಜ.

"ಅದನ್ನ ಇನ್ನ ವಿಚಾರಿಸಬೇಕು. ಅಲ್ಲಿಮಟ ಆಟೋ ನನ್ನ ಅಂಗಡಿ ಮುಂದ ನಿಂದರಲಿ."

ಹಜರತಬೀ ಸತ್ತ ಕೋಳಿಯನ್ನು ಮರೆತು ಶಾನವಾಜನ ಪಕ್ಷ ಸೇರಿದಳು. "ಏ ಮುದಿಯಪ್ಪಾ, ನನ್ನ ಕೋಳಿ, ಅವನ ಆಟೋ, ನಡುವ ನಿಂದೇನೋ? ಮನಿಗೆ ಹೋಗೋ ಬಾಬಾ, ಬಿಸಲು ಭಾಳ ಐತಿ."

ಅದಾದ ಮೇಲೆ ಪಕ್ಕದ ಮನೆಯ ಅಮರಮ್ಮನಿಗೆ ಜ್ವರ ಬಂತು. ತೊಂಬತ್ತು ದಾಟಿದ ಮುದುಕಿ. ಹಲ್ಲಿಲ್ಲ, ನಾಲಗೆ ಮಾತ್ರ ಪೂರ್ತಿ ಇತ್ತು. ಮುದಿಯಪ್ಪ ಬರೀ ಮಾತಾಡಿಸಿ ಬರಲು ಹೋದದ್ದು. ಆದರೆ ಪೇಟದ ಸಮೇತ ಹೋದ. ಬಾಗಿಲಲ್ಲಿ ಜರಿ ಮಿಂಚಿದ್ದು ಕಂಡು ಸೊಸೆ ಶಿವಲಿಂಗಮ್ಮ ಕಸಬರಿಗೆ ಎತ್ತಿಕೊಂಡಳು.

"ಇನ್ನ ಜೀವ ಐತಿ ನಮ್ಮತ್ತಿದು! ಯಾರು ಕರದಿದ್ರು ನಿಮ್ಮನ್ನ?"

ಹಾಸಿಗೆಯಿಂದ ಅಮರಮ್ಮ ತಲೆಯೆತ್ತಿ ನೋಡಿ ಬೊಚ್ಚು ಬಾಯಲ್ಲಿ ನಕ್ಕಳು. "ಏ ಮುದಿಯಾ, ಅವಸರ ಮಾಡಬ್ಯಾಡ. ಇನ್ನ ಹದಿನೈದು ದಿನ ಬಿಟ್ಟು ಬಾ."

ಜ್ವರ ಬಿಟ್ಟಿತು. ಮುದುಕಿ ಎದ್ದು ಓಡಾಡಿದಳು. ಆದರೆ ಮಾತಿನ ಗಟ್ಟಿ ಹೆಂಗಸು. ಎಣಿಸಿದರೆ ಸರಿಯಾಗಿ ಹದಿನೈದನೆಯ ದಿನ, ಬೆಳಿಗ್ಗೆ ಒಂಬತ್ತಕ್ಕೆ, ಕಟ್ಟೆಯ ಮೇಲೆ ಗೋಡೆಗೆ ಒರಗಿ ಕೂತವಳು ಕೂತಂತೆಯೇ ತೀರಿಕೊಂಡಳು.

ಅದು ಒಳ್ಳೆಯ ಸಾವು ಎಂದು ಊರೆಲ್ಲ ಒಪ್ಪಿತು. ಮಗ ಪರಮೇಶ ಎಲ್ಲರಿಗೂ ಫೋನು ಹಚ್ಚಿದ. ಕುಷ್ಟಗಿಯಿಂದ ಬೀಗರು, ಗಂಗಾವತಿಯಿಂದ ಅಳಿಯ ಬಸವಕುಮಾರ, ಎಲ್ಲ ಬಂದರು. ಅಮರಮ್ಮನಿಗೆ ವಿಭೂತಿ ಹಚ್ಚಿ, ಹೂವು ಮುಡಿಸಿ, ಕಟ್ಟೆಯ ಮೇಲೆ ಕುಳ್ಳಿರಿಸಿದರು. ಕೂತಂತೆಯೇ ಹೊತ್ತೊಯ್ಯಲು ಬಿದಿರಿನ ವಿಮಾನ ಕಟ್ಟತೊಡಗಿದರು. ಭಜನೆಯವರು ಹಾರ್ಮೋನಿಯಂ ಇಟ್ಟುಕೊಂಡು ಶುರುಮಾಡಿದರು. ಹೊಲದಲ್ಲಿ ಕುಣಿ ತೆಗೆದಾಗಿತ್ತು. ನಾಲ್ಕಕ್ಕೆ ಎತ್ತಬೇಕು, ಹೊತ್ತು ಮುಳುಗುವುದರೊಳಗೆ ಮಣ್ಣಾಗಬೇಕು ಎಂದು ಕ್ರಿಯೆ ಮಾಡಿಸುವ ಅಯ್ಯನವರು ಹೇಳಿದ್ದರು.

ಎರಡು ಗಂಟೆಗೆ ಮುದಿಯಪ್ಪ ಪೇಟ ಹಾಕಿಕೊಂಡು ಬಂದ. ಯಾರೂ ಅವನ ಕಡೆ ನೋಡಲಿಲ್ಲ. ಬಸವಕುಮಾರ ಅವನನ್ನು ವಾಲಗದವನೆಂದು ತಿಳಿದು, "ಆಚೀಕಡೆ ಕುಂದರಪಾ, ಎತ್ತೂ ಮುಂದ ಕರೀತೀವಿ," ಎಂದ. ಶಿವಲಿಂಗಮ್ಮ ಅಳುವುದನ್ನು ನಿಲ್ಲಿಸಿ, "ಹದಿನೈದು ದಿನದ ಹಿಂದ ಬಾಗಲಾಗ ನಿಂತ ಅಪಶಕುನ ಮಾಡಿದಾಂವ ಇವನ," ಎಂದು ಬೀಗರಿಗೆ ತೋರಿಸಿ, ಮತ್ತೆ ಅಳು ಮುಂದುವರಿಸಿದಳು.

ಮುದಿಯಪ್ಪ ಪೇಟವನ್ನು ನೆಟ್ಟಗೆ ಮಾಡಿಕೊಂಡ. ಹತ್ತೊಂಬತ್ತು ಕಾಗದದ ಮೇಲಿನ ಗೌರವಾನ್ವಿತ ನಿವಾಸಿಗೆ ಇದು ತಕ್ಕುದೇ? ಕಿರೀಟದ ಮನುಷ್ಯ ನೋಡುವ ತನಕ ಹೆಣ ಎತ್ತಬಾರದೆಂಬ ಎಂಟುನೂರು ವರ್ಷದ ಕಟ್ಟಳೆ ಈ ಗಂಗಾವತಿಯವನಿಗೆ ಗೊತ್ತಿಲ್ಲದಿರಬಹುದು. ಗೊತ್ತು ಮಾಡಿಸಬೇಕು. ಅವನು ಜಾಲಿಗಿಡದ ಮರೆಗೆ ಹೋಗಿ ಪೊಲೀಸರ ನೂರಾ ಹನ್ನೆರಡಕ್ಕೆ ಫೋನು ಮಾಡಿ, ಮಂಗಳೂರಿನಲ್ಲಿ ಒಂದು ಸಾವಾಗಿದೆ ಎಂದ.

"ಸಾವಿನ ಬಗ್ಗೆ ಸಂಶಯ ಇದೆಯಾ ಸರ್?" ಎಂದಿತು ಆಚೆಯ ದನಿ.

ಸರ್ ಎಂಬ ಮಾತಿನಿಂದ ಅವನ ಎದೆ ಉಬ್ಬಿತು. "ಐತಿ ಅಂತ ಬರಕೋರಿ. ಇಲ್ಲಂದ್ರ ಆಮ್ಯಾಲ ತಗದ್ರ ಆತು."

ಇಷ್ಟು ಮಾಡಿ ಅವನು ನೆಟ್ಟಗೆ ಬಂದು ಹೆಣದ ಮುಂದೆ ನಿಂತು, ಭಜನೆ ನಿಲ್ಲಿಸಲು ಕೈಯೆತ್ತಿದ. ಜಿಲಾನಸಾಬರು ಕೇಳುವ ಪ್ರಶ್ನೆಗಳು ಅವನಿಗೆ ಕಂಠಪಾಠವಾಗಿದ್ದವು.

"ಮೃತರನ್ನ ಕೊನೀಗೆ ಜೀವಂತ ನೋಡಿದವರು ಯಾರು?"

"ನಾನ ನೋಡೀನಿ," ಎಂದಳು ಶಿವಲಿಂಗಮ್ಮ, ಇವನನ್ನು ಬೇಗ ಸಾಗಹಾಕಬೇಕೆಂದು. "ಮುಂಜಾನಿ ಎಂಟಕ್ಕ ಎದ್ದು ಹೋಗಿ ಮಿರ್ಚಿ ತಿಂದು ಬಂದ್ಲು. ಬಂದು ಕಟ್ಟಿಮ್ಯಾಲ ಕುಂತ್ಲು."

"ಎಷ್ಟು ಮಿರ್ಚಿ?"

"ದಿನಾ ಒಂದು ತಿಂತಿದ್ಲು. ಇವತ್ತು ಎರಡು ತಿಂದೆ ಅಂದ್ಲು. ಒಳಗಿನ ಮೆಣಸಿನಕಾಯಿ ಸೈತ."

"ಹಾ!" ಎಂದ ಮುದಿಯಪ್ಪ. ಎಂಟುನೂರು ವರ್ಷದ ರಾಜರೆಲ್ಲ ತನ್ನ ಬೆನ್ನಿಗೆ ನಿಂತಂತೆ ಅವನಿಗೆ ಅನ್ನಿಸಿತು. "ಯಾವ ವಸ್ತುವಿನಿಂದ ಅನಾಹುತ ಆತೋ ಆ ವಸ್ತು ಸಿಕ್ಕಂಗಾತು. ಎಲ್ಲೆ ತಿಂದ್ರು ಆ ಮಿರ್ಚಿ? ಯಾರು ಕೊಟ್ರು?"

ಎಲ್ಲರ ಕಣ್ಣೂ ಅವನನ್ನು ದಾಟಿ ಅವನ ಬೆನ್ನ ಹಿಂದಕ್ಕೆ ಹೋದವು. ಅಲ್ಲಿ ಕಸ್ತೂರೆಮ್ಮ, ಕೈಯಲ್ಲಿ ಮುದುಕಿಗೆಂದು ತಂದ ಮಲ್ಲಿಗೆಯ ಮಾಲೆ ಹಿಡಿದುಕೊಂಡು ನಿಂತಿದ್ದಳು.

"ನಾ ಕೊಟ್ಟೆ," ಎಂದಳು.

ಮೊದಲು ಬಾಯಿ ತೆರೆದವನು ಗಂಗಾವತಿಯ ಬಸವಕುಮಾರ. "ಎಣ್ಣಿ ಯಾವ್ದು? ಹಳೇ ಎಣ್ಣ್ಯಾಗ ಕರದಿದ್ರ ಹಾರ್ಟ್ ಹಿಡೀತೈತಿ." ಹಿಂದಿನಿಂದ ಯಾರೋ, ಸೋಡಾ ಹೆಚ್ಚು ಹಾಕುತ್ತಾಳೆ ಎಂದರು. ಇನ್ಯಾರೋ, ಮೊನ್ನೆ ತನಗೂ ಎದೆ ಉರಿದಿತ್ತು ಎಂದರು. ಇಪ್ಪತ್ತು ವರ್ಷ ಅವಳ ಕೈಯ ಮಿರ್ಚಿ ತಿಂದು ಬೆಳೆದ ಊರು, ಐದು ನಿಮಿಷದಲ್ಲಿ ತನ್ನ ಹೊಟ್ಟೆಯ ಎಲ್ಲ ಹಳೆಯ ದೂರುಗಳನ್ನು ಅವಳ ಬಾಣಲೆಗೆ ಹಾಕಿತು. ನಾಳೆಯಿಂದ ಆ ಒಲೆಯ ಮುಂದೆ ಯಾರು ನಿಲ್ಲುತ್ತಾರೆ? ಮುದಿಯಪ್ಪನ ಪಂಕ್ಚರಿನಿಂದ ಮನೆಗೆ ಉಪ್ಪು ಬರುತ್ತಿತ್ತು, ಅಷ್ಟೆ.

"ಇಲ್ರಿ, ಇಲ್ರಿ," ಎಂದು ಮುದಿಯಪ್ಪ ತಡವರಿಸಿದ. "ವಿಚಾರಣಿ ಮುಗೀತು. ಸಂಶಯ ಏನಿಲ್ಲ. ಎತ್ತರಿ, ಲಗೂನ ಎತ್ತರಿ."

ಅಷ್ಟರಲ್ಲಿ ಓಣಿಯ ತಿರುವಿನಲ್ಲಿ ಜೀಪಿನ ಸದ್ದು ಕೇಳಿಸಿತು.

ಮುಂದೆ ನಡೆದದ್ದನ್ನು ಕಣ್ಣಾರೆ ಕಂಡವರು ಕಡಿಮೆ, ಯಾಕೆಂದರೆ ಕಾಣಬೇಕಾದವರೆಲ್ಲ ಓಡುತ್ತಿದ್ದರು. ವಿಮಾನ ಕಟ್ಟುತ್ತಿದ್ದವರು ಹಗ್ಗ ಕೈಬಿಟ್ಟರು. ಬೀಗರು ಹಿತ್ತಲಿನ ಕಡೆಯಿಂದ ಕುಷ್ಟಗಿಯ ದಾರಿ ಹಿಡಿದರು. ಅಯ್ಯನವರಿಗೆ ಸ್ನಾನ ನೆನಪಾಯಿತು. ಭಜನೆಯವರು ತಾಳಗಳನ್ನು ಬಿಟ್ಟೇ ಎದ್ದರು. ಗಾಳಿ ಉಳಿದಿದ್ದ ಹಾರ್ಮೋನಿಯಂ ಒಂದು ಕ್ಷಣ ತಾನೇ ಉಸಿರೆಳೆದು ಸುಮ್ಮನಾಯಿತು. ಒಂದು ನಿಮಿಷದಲ್ಲಿ ಆ ಅಂಗಳದಲ್ಲಿ ಉಳಿದವರು ಹೆಂಗಸರು, ಹೆತ್ತ ಮಗನೆಂಬ ಕಾರಣಕ್ಕೆ ಓಡಲಾರದ ಪರಮೇಶ, ಬೂಟು ಸಿಗದೆ ಉಳಿದ ಬಸವಕುಮಾರ, ಮತ್ತು ಎಲ್ಲಿಗೂ ಹೋಗುವ ಅವಸರವಿಲ್ಲದ ಅಮರಮ್ಮ.

ಜಿಲಾನಸಾಬರು ಇಳಿದು, ವಿಭೂತಿ ಹಚ್ಚಿಕೊಂಡು ಕೂತ ಮುದುಕಿಯನ್ನು ನೋಡಿದರು. ಪೇಟವನ್ನು ನೋಡಿದರು. ಟೋಪಿ ತೆಗೆದು ತಲೆ ಕೆರೆದುಕೊಂಡರು.

"ಸಂಶಯಾಸ್ಪದ ಸಾವು ಅಂತ ಫೋನ್ ಮಾಡಿದಾಂವ ನೀ ಏನೋ ಮುದಿಯಪ್ಪ?"

"ಹೌದ್ರಿ. ಆದ್ರ ಈಗ ಸಂಶಯ ಇಲ್ರಿ. ತಗದ ಹಾಕ್ರಿ."

"ತಗೀಲಿಕ್ಕೆ ಅದೇನು ಟೈರಿನಾಗಿನ ಮೊಳೆ ಏನೋ? ಕಂಪ್ಯೂಟರದಾಗ ಏರೇತಿ! ಯಾರ ಮ್ಯಾಲ ಇತ್ತು ಸಂಶಯ?"

"ನನ್ನ ಹೇಣ್ತಿ ಮ್ಯಾಲ," ಎಂದ ಮುದಿಯಪ್ಪ, ಸುಳ್ಳು ಹೇಳಿ ಗೊತ್ತಿಲ್ಲದವನು.

"ಯಾ ಅಲ್ಲಾ!" ಜಿಲಾನಸಾಬರು ಕಟ್ಟೆಯ ಮೇಲೆ ಅಮರಮ್ಮನ ಪಕ್ಕದಲ್ಲೇ ಕುಸಿದು ಕೂತರು. "ಮುಂಜಾನಿಯಿಂದ ಬಂದೋಬಸ್ತ್ ಮಾಡಿ ಈಗರ ಒಂದು ತುತ್ತು ಬಾಯಾಗ ಇಟ್ಟಿದ್ದೆ. ಕೇಳ್ರಿ ಪರಮೇಶಪ್ಪ, ಎರಡ ಹಾದಿ ಅದಾವ. ಐದು ಮಂದಿ ಪಂಚರು ನಿಂತು ಸಂಶಯ ಇಲ್ಲ ಅಂತ ಸಹಿ ಹಾಕಬೇಕು. ಇಲ್ಲಂದ್ರ ಹೆಣ ಯಲಬುರ್ಗಾ ದವಾಖಾನಿಗೆ ಹೋಗಬೇಕು. ಇವತ್ತು ಡಾಕ್ಟರು ಸಿಗೂದು ಕಷ್ಟ, ನಾಳಿಗೇ ಆದೀತು."

"ನಮ್ಮವ್ವನ್ನ ಕೊಯ್ತಾರ?" ಪರಮೇಶ ತಾಯಿಯ ಮುಂದೆ ಅಡ್ಡ ನಿಂತ. "ತೊಂಬತ್ತು ವರ್ಷ ಮೈಮ್ಯಾಲ ಒಂದು ಸೂಜಿ ಚುಚ್ಚಿಸಿಕೊಂಡಾಕಿ ಅಲ್ಲರಿ ಆಕಿ."

"ನಾ ಹಾಕ್ತೀನ್ರಿ ಸಹಿ!" ಮುದಿಯಪ್ಪ ಮುಂದೆ ಬಂದ.

"ನೀ ಹಾಕಂಗಿಲ್ಲ. ವರದಿ ಕೊಟ್ಟಾಂವ ನೀ. ಇವರು ಮಗ, ಅವರು ಅಳಿಯ, ಅವರೂ ಹಾಕಂಗಿಲ್ಲ. ಹೋಗು, ಐದು ಮಂದೀನ ಕರಕೊಂಡು ಬಾ. ಹೊತ್ತು ಮುಳುಗೂದ್ರಾಗ."

ಹನ್ನೆರಡು ವರ್ಷದಲ್ಲಿ ಮುದಿಯಪ್ಪ ಮೊದಲ ಸಲ ಓಡಿದ. ಪಾನ್ ಅಂಗಡಿಯವನು ಕೌಂಟರಿನ ಕೆಳಗಿನಿಂದಲೇ ತಾನು ಊರಲ್ಲಿಲ್ಲ ಎಂದ. ಶಾನವಾಜ ಆಟೋ ಶುರುಮಾಡಿಕೊಂಡು, "ಆಟೋ ರಾಜಂದು, ನಾ ಬರೀ ಡ್ರೈವರ್," ಎಂದು ಹೊಡೆದುಕೊಂಡು ಹೋದ. ಪಂಚಾಯಿತಿ ಸದಸ್ಯನೊಬ್ಬ ಮನೆಯ ಪಾಯಖಾನೆಯೊಳಗೆ ಹೋಗಿ ಅಗಳಿ ಹಾಕಿಕೊಂಡಿದ್ದ. ಅದನ್ನು ಕಟ್ಟಿಸಿ ಆರು ವರ್ಷವಾಗಿತ್ತು, ಅವನು ಒಳಗೆ ಹೋದದ್ದು ಅವತ್ತೇ ಮೊದಲು. ಚಹಾದಂಗಡಿಯವನು ಮಾತ್ರ ಮುಖ ತೋರಿಸಿ ಹೇಳಿದ: "ಅಲ್ಲೋ ಮುದಿಯಪ್ಪ, ಜೀಪು ಬಂದಾಗ ಓಡಬೇಕು ಅನ್ನೂದು ಸಣ್ಣ ಹುಡುಗರಿಗೂ ಗೊತ್ತೈತಿ. ನೀ ಜೀಪ್ನ ಮನಿಗೆ ಕರಸೀಯಲ್ಲ!"

ಐದು ಗಂಟೆಗೆ ಅವನು ಬರಿಗೈಯಲ್ಲಿ ಮರಳಿದ. ಬಿಸಿಲು ಕಟ್ಟೆಯಿಂದ ಇಳಿದು ಹೋಗಿತ್ತು. ಶಿವಲಿಂಗಮ್ಮ ಬಯ್ಯುವುದನ್ನೂ ಬಿಟ್ಟು ಅತ್ತೆಯ ಕೈ ಹಿಡಿದುಕೊಂಡು ಸುಮ್ಮನೆ ಕೂತಿದ್ದಳು. ಅದನ್ನು ನೋಡಿ ಮುದಿಯಪ್ಪನಿಗೆ, ಬಯ್ದಿದ್ದರೂ ಆಗದಷ್ಟು ನಾಚಿಕೆಯಾಯಿತು. ಅವನು ಪೇಟ ತೆಗೆದು ಕಂಕುಳಲ್ಲಿಟ್ಟುಕೊಂಡು ಅಮರಮ್ಮನ ಮುಂದೆ ಕೈಮುಗಿದ. "ತಪ್ಪಾತವ್ವಾ. ಯಾರೂ ನನ್ನ ಕಡೆ ನೋಡ್ಲಿಲ್ಲ ಅಂತ ಸಿಟ್ಟು ಬಂದಿತ್ತು. ಅಷ್ಟ."

ಆಗ ಕಸ್ತೂರೆಮ್ಮ ಮನೆಗೆ ಹೋಗಿ ಬುಟ್ಟಿಯೊಂದನ್ನು ತಂದಳು. ಅದರಲ್ಲಿ ಬೆಳಿಗ್ಗೆ ಉಳಿದಿದ್ದ ಹನ್ನೆರಡು ಮಿರ್ಚಿ ಇದ್ದವು, ತಣ್ಣಗೆ, ಎಣ್ಣೆ ಬಿಟ್ಟುಕೊಂಡು. ಬುಟ್ಟಿಯನ್ನು ಗಂಡನ ಮುಂದಿಟ್ಟಳು.

"ವಸ್ತು ಇಲ್ಲೇ ಐತಿ. ತಿನ್ರಿ."

"ಎಷ್ಟು?"

"ಆಕಿ ಎರಡು ತಿಂದು ಸತ್ಲು ಅಂತೀರಿ. ನೀವು ಆರು ತಿನ್ರಿ. ಮೆಣಸಿನಕಾಯಿ ಸೈತ. ಜಮಾದಾರ್ರು ನೋಡ್ಲಿ."

ಮುದಿಯಪ್ಪ ತಿಂದ. ಅಂಗಳವೆಲ್ಲ ಎಣಿಸಿತು. ಮೂರನೆಯದಕ್ಕೆ ಕಿವಿ ಕೆಂಪಾಯಿತು. ನಾಲ್ಕನೆಯದಕ್ಕೆ ಕಣ್ಣಲ್ಲಿ ನೀರು ಧಾರೆಯಾಗಿ ಇಳಿಯಿತು. ಆ ಹೊತ್ತಿಗೆ ಮಣ್ಣಿಗೆಂದು ತಡವಾಗಿ ಇಟಗಿ ಕಡೆಯಿಂದ ಬಂದ ಮುದುಕಿಯೊಬ್ಬಳು ಅವನ ಬೆನ್ನು ಸವರಿ, "ಇರಲಿ ಬಿಡಪಾ, ಹಡದಾಕಿನ ಸತ್ತಂಗ ಅಳಬ್ಯಾಡ. ತುಂಬಿದ ಬಾಳೇವು ಮಾಡಿ ಹೋಗ್ಯಾಳ," ಎಂದು ಸಮಾಧಾನ ಹೇಳಿದಳು. ಆರನೆಯದು ಇಳಿಯಿತು. ಅವನು ಬದುಕಿಯೇ ಇದ್ದ.

ಹಜರತಬೀ ಮುಂದೆ ಬಂದು ಬುಟ್ಟಿಯಿಂದ ಒಂದು ಮಿರ್ಚಿ ತೆಗೆದುಕೊಂಡು ಕಚ್ಚಿದಳು. "ಇಪ್ಪತ್ತು ವರ್ಷ ತಿಂದೀನಿ. ಇವತ್ತೂ ಮುಂಜಾನಿ ಅಮರಮ್ಮನ ಬಾಜೂಕ ನಿಂತು ಇದ ಘಾಣದ್ದು, ಇದ ಎಣ್ಣ್ಯಾಗ ಕರದದ್ದು, ತಿಂದೀನಿ. ಬರಕೋರಿ ಜಮಾದಾರ್ರ ನನ್ನ ಹೆಸರು."

"ನಿನ್ನ ಹೆಸರು ಯಾಕ ಬೀ?"

"ಪಂಚರು ಬೇಕಲ್ಲ? ಗಂಡಸರು ಎಲ್ಲಾ ಹೋಗ್ಯಾರ. ನಾವು ಇಲ್ಲೆ ಇದ್ದೀವಲ್ಲ, ಕಾಣೂದಿಲ್ಲೇನ್ರಿ?"

ಜಿಲಾನಸಾಬರು ಪೆನ್ನು ಹಿಡಿದುಕೊಂಡು ಕಣ್ಣು ಬಿಟ್ಟರು. ಇಷ್ಟು ವರ್ಷದ ನೌಕರಿಯಲ್ಲಿ ಅವರು ಪಂಚರನ್ನು ಹುಡುಕಿದ್ದು ಬಸ್‌ಸ್ಟ್ಯಾಂಡಿನಲ್ಲೇ. ಅಲ್ಲಿ ಹೆಂಗಸರು ಕೂರುವುದಿಲ್ಲವಾದ್ದರಿಂದ ಯಾವ ಹೆಂಗಸನ್ನೂ ಕೇಳಿರಲಿಲ್ಲ. ಹಜರತಬೀಯ ಮೊಮ್ಮಗಳು, ಕುಕನೂರಿನ ಕಾಲೇಜಿಗೆ ಹೋಗುವ ಶಮಾ, "ಹೆಂಗಸರು ಆಗೂದಿಲ್ಲ ಅಂತ ಎಲ್ಲೆ ಬರದೈತಿ ಸರ್?" ಎಂದಳು. ಜಿಲಾನಸಾಬರು ಬಹಳ ಯೋಚಿಸಿದರು. ಎಲ್ಲೂ ಬರೆದಿರಲಿಲ್ಲ.

ಹಜರತಬೀ ಹೆಬ್ಬೆಟ್ಟು ಒತ್ತಿದಳು. ಶಮಾ ಸಹಿ ಹಾಕಿದಳು. ದಿನಾ ನಳದ ಹತ್ತಿರ ಕಸ್ತೂರೆಮ್ಮನ ಜೊತೆ ಜಗಳವಾಡುವ ಮೂವರು ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡು, ಎದ್ದು ಬಂದು, ಅವರೂ ಹಾಕಿದರು. ಸಂಶಯವಿಲ್ಲ, ವಯೋಸಹಜ ಮರಣ. ಬಸವಕುಮಾರ ಯಾರೂ ಕೇಳದಿದ್ದರೂ ಒಂದು ಮಿರ್ಚಿ ತೆಗೆದುಕೊಂಡು ತಿಂದು, "ಎಣ್ಣಿ ಛಲೋ ಐತಿ," ಎಂದು ಗೋಡೆಗೆ ಹೇಳಿದ.

"ಮುದಿಯಪ್ಪ, ನೀನೂ ಇಲ್ಲೆ ಒಂದು ಸಹಿ ಹಾಕು," ಎಂದರು ಜಿಲಾನಸಾಬರು.

ಮುದಿಯಪ್ಪ ಆಸೆಯಿಂದ ಬಗ್ಗಿ ನೋಡಿದ. ಗೌರವಾನ್ವಿತ ನಿವಾಸಿಗಳ ಪಟ್ಟಿಯಲ್ಲಿ ಐದು ಹೆಂಗಸರಿದ್ದರು. ಅವನ ಜಾಗ ಪುಟದ ತೀರ ಕೆಳಗಿತ್ತು: "ತಪ್ಪು ತಿಳಿವಳಿಕೆಯಿಂದ ವರದಿ ಕೊಟ್ಟವರು." ಆ ಸಾಲಿನ ಕೆಳಗೆ ಅವನು ಮೊದಲ ಸಲ ಸುತ್ತು ಹಾಯಿಸದೆ, ಗಂಟು ಹಾಕದೆ, ಬರೀ ಹೆಸರು ಬರೆದ.

ಜೀಪು ಹೊರಟ ಸದ್ದು ಕೇಳಿದ್ದೇ ಗಂಡಸರೆಲ್ಲ, ಇಲ್ಲೇ ಇದ್ದೆವೆಂಬಂತೆ ಬಂದು ವಿಮಾನಕ್ಕೆ ಹೆಗಲು ಕೊಟ್ಟರು. ಎತ್ತುವ ಮುಂಚೆ ಕಸ್ತೂರೆಮ್ಮ ಮಲ್ಲಿಗೆಯ ಮಾಲೆ ಹಾಕಿ, ಉಳಿದ ನಾಲ್ಕರಲ್ಲಿ ಒಂದು ಮಿರ್ಚಿಯನ್ನು ಅಮರಮ್ಮನ ಮಡಿಲಲ್ಲಿಟ್ಟಳು. "ನಾಳಿಗೂ ಒಂದು ತಗದಿಡು ಅಂದಿದ್ಲು," ಎಂದು ಶಿವಲಿಂಗಮ್ಮನಿಗೆ ಹೇಳಿದಳು. ಇಬ್ಬರೂ ಅತ್ತರು. ಹೊತ್ತು ಮುಳುಗುವುದಕ್ಕೆ ಇನ್ನೂ ಒಂದು ಮಾರು ಇರುವಾಗ ಮಣ್ಣಾಯಿತು.

ಮನೆಗೆ ಬಂದ ಮೇಲೆ ಕಸ್ತೂರೆಮ್ಮ ಕೈ ಚಾಚಿದಳು. "ಕೊಡ್ರಿ ಇಲ್ಲೆ."

"ಏನು?"

"ಯಾವ ವಸ್ತುವಿನಿಂದ ಅನಾಹುತ ಆತೋ ಆ ವಸ್ತು."

ಮುದಿಯಪ್ಪ ಕಂಕುಳಿಂದ ಪೇಟ ತೆಗೆದು ಕೊಟ್ಟ. ಅವಳು ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಸುತ್ತಿ ಸುತ್ತಿ ಸಿಂಬಿ ಮಾಡಿದಳು. ಮರುದಿನದಿಂದ ಅದು ಅವಳ ತಲೆಯ ಮೇಲೆ, ನಳದ ನೀರಿನ ಕೊಡದ ಕೆಳಗೆ, ಜರಿ ಮಿಂಚಿಸುತ್ತ ಓಣಿಯಲ್ಲಿ ಓಡಾಡಿತು. ಅಂಗಡಿಯ ಹಲಗೆಯ ಮೇಲಿನ ಬಿಳಿ ಅಕ್ಷರಗಳನ್ನು ಮುದಿಯಪ್ಪ ತಾನೇ ಸೀಮೆಎಣ್ಣೆ ಹಾಕಿ ಒರೆಸಿದ. ಮಿರ್ಚಿಯ ಮುಂದೆ ಮಂದಿ ಮೊದಲಿಗಿಂತ ಹೆಚ್ಚಾದರು. ತೊಂಬತ್ತು ದಾಟಿದವಳು ಎರಡು ತಿಂದು ಕೂತಂತೆ ಸುಖವಾಗಿ ಹೋದಳೆಂಬ ಸುದ್ದಿ ಕುಷ್ಟಗಿಯ ತನಕ ಹಬ್ಬಿ, ಮುದುಕರು ಬಸ್ಸಿನಲ್ಲಿ ಬರತೊಡಗಿದರು.

ಎರಡು ತಿಂಗಳ ಮೇಲೆ ಯಾರದೋ ಹೊಲದ ಪಂಪ್‌ಸೆಟ್ ಕಳುವಾಯಿತು. ಅದರ ಪಂಚನಾಮೆಗೆ ಜೀಪು ಬಂತು. ಬಸ್‌ಸ್ಟ್ಯಾಂಡು ಮಾಯವಾಯಿತು. ಮುದಿಯಪ್ಪ ಟ್ಯೂಬು ಹಿಡಿದು, ಕಣ್ಣು ಮುಚ್ಚಿ, ಬೂಟಿನ ಸದ್ದಿಗೆ ಕಾದ. ಸದ್ದು ಬರಲಿಲ್ಲ. ಜೀಪು ಅವನ ಅಂಗಡಿಯನ್ನು ದಾಟಿ ಅವನ ಮನೆಯ ಓಣಿಗೆ ತಿರುಗಿತು. ಅವನು ಕೈಯಲ್ಲಿ ನೀರು ಸೋರುವ ಟ್ಯೂಬಿನ ಸಮೇತ ಹಿಂದೆ ಓಡಿದ.

ಕಸ್ತೂರೆಮ್ಮ ಕೊಡ ಇಳಿಸಿ, ಸಿಂಬಿ ಪಕ್ಕಕ್ಕಿಟ್ಟು, ಸೆರಗಿಗೆ ಕೈ ಒರೆಸಿಕೊಳ್ಳುತ್ತಿದ್ದಳು. ಹಜರತಬೀ ಆಗಲೇ ಬಂದು ಕೂತಿದ್ದಳು. ಜಿಲಾನಸಾಬರು ತೊಡೆಯ ಮೇಲೆ ಕಾಗದ ಇಟ್ಟುಕೊಂಡು, ಬರೆಯುತ್ತ ಗಟ್ಟಿಯಾಗಿ ಓದುತ್ತಿದ್ದರು.

"ಮಂಗಳೂರು ಗ್ರಾಮದ ಗೌರವಾನ್ವಿತ ನಿವಾಸಿ ಕಸ್ತೂರೆಮ್ಮ, ಗಂಡ ಮುದಿಯಪ್ಪ..."

ಬಾಗಿಲ ಬಳಿ ಮುದಿಯಪ್ಪ ನಿಂತುಬಿಟ್ಟ. ಗೌರವ ಅವಳದು, ಸಾಲು ಅವಳದು. ಅದು ಅವನಿಗೂ ಗೊತ್ತಾಯಿತು. ಆದರೂ ತನ್ನ ಹೆಸರು ಅಲ್ಲಿತ್ತು, ಹೊರಗೆ ಬಿದ್ದಿರಲಿಲ್ಲ.

"ನೀವು ಇಲ್ಲೆ ಯಾಕ ಬಂದ್ರಿ? ಮಿರ್ಚಿ ಎಣ್ಣ್ಯಾಗ ಅದಾವ, ಹೊತ್ತಿಸಬ್ಯಾಡ್ರಿ, ಹೋಗಿ ತಿರುವಿ ಹಾಕ್ರಿ," ಎಂದಳು ಕಸ್ತೂರೆಮ್ಮ.

ಮುದಿಯಪ್ಪ ತೂತಿನ ಜಾರಿ ಸೌಟು ಎತ್ತಿಕೊಂಡ. ಒಲೆಯ ಮುಂದೆ ಕೂತು, ತಿರುಗಿ ನೋಡಿ ಕೇಳಿದ: "ಜಮಾದಾರ್ರ, ಅದನ್ನ ಇನ್ನೊಮ್ಮೆ ಓದ್ರಿ."